ಇಲೆವೆನ್ ಎದುರು ವೇಡರ್: ಟೆಲಿಕಿನಿಸಿಸ್ ಕೋಷ್ಟಕ ಎಲ್ಲಿಗೆ ಬಂತು

ಕಾಲ್ಪನಿಕ ಪಾತ್ರಗಳ ಕಾದಾಟಕ್ಕೆ ತೀರ್ಪು ಕೊಡಲೆಂದು ಸಿದ್ಧಪಡಿಸುತ್ತಿರುವ ಕೋಷ್ಟಕದಲ್ಲಿ ಈ ವಾರ ‘ಎಷ್ಟು ಭಾರ ಎತ್ತಬಲ್ಲರು’ ಎಂಬ ಅಂಕಣವನ್ನು ಕೊನೆಗೆ ತಳ್ಳಿದ್ದೇನೆ. ಟೆಲಿಕಿನಿಸಿಸ್, ಅಂದರೆ ಮುಟ್ಟದೆ ಮನಸ್ಸಿನ ಬಲದಿಂದಲೇ ವಸ್ತುಗಳನ್ನು ಅಲುಗಿಸುವ ಶಕ್ತಿ, ಬಂದಾಗಲೆಲ್ಲ ವಾದ ಟನ್‌ಗಳ ಲೆಕ್ಕಕ್ಕೇ ಬಂದು ನಿಲ್ಲುತ್ತಿತ್ತು. ನಿಜವಾಗಿ ನೋಡಬೇಕಾದದ್ದು ಶಕ್ತಿ ಎಲ್ಲಿ ತಾಗುತ್ತದೆ, ಅದನ್ನು ತಡೆಯುವುದು ಯಾವುದು ಎಂಬುದನ್ನು.

ಪರೀಕ್ಷೆಗೆ ಆರಿಸಿಕೊಂಡ ಜೋಡಿ ಸ್ಟ್ರೇಂಜರ್ ಥಿಂಗ್ಸ್ ಸರಣಿಯ ಹುಡುಗಿ ಇಲೆವೆನ್ ಮತ್ತು ಸ್ಟಾರ್ ವಾರ್ಸ್ ಚಿತ್ರಗಳ ಕವಚಧಾರಿ ಖಳನಾಯಕ ಡಾರ್ತ್ ವೇಡರ್. 2016ರ ಮೊದಲ ಸೀಸನ್‌ನಲ್ಲೇ ಇಲೆವೆನ್ ಕೋಕ್ ಡಬ್ಬಿಯನ್ನು ಮುದ್ದೆ ಮಾಡುತ್ತಾಳೆ, ಎದುರು ನುಗ್ಗಿ ಬರುವ ವ್ಯಾನನ್ನು ತಲೆಯ ಮೇಲಿಂದ ಹಾರಿಸುತ್ತಾಳೆ, ಕಾವಲುಗಾರನ ಕತ್ತು ಮುರಿಯುತ್ತಾಳೆ. ಮೂಗಿನಲ್ಲಿ ರಕ್ತ ಸುರಿಯುತ್ತದೆ, ಮೈ ಸೋಲುತ್ತದೆ. 1980ರ ಸ್ಟಾರ್ ವಾರ್ಸ್ ಚಿತ್ರದಲ್ಲಿ ವೇಡರ್ ಪರದೆಯ ಮೇಲೆ ಕಾಣುತ್ತಿರುವ ಅಡ್ಮಿರಲ್ ಒಜೆಲ್‌ನ ಉಸಿರನ್ನೇ ನಿಲ್ಲಿಸುತ್ತಾನೆ; ಅವನಿಗೆ ದೂರ ಅಡ್ಡಿಯಲ್ಲ.

ಹಾಗಾದರೆ ಮೊದಲು ಕತ್ತು ಹಿಸುಕಿದವರೇ ಗೆದ್ದಂತೆಯೇ? ನಾನು ಒಪ್ಪುವುದಿಲ್ಲ. ಅದೇ 1980ರ ಚಿತ್ರದಲ್ಲಿ ಪುಟ್ಟ ದೇಹದ ಗುರು ಯೋಡಾ ಜೌಗಿನಿಂದ ಎಕ್ಸ್-ವಿಂಗ್ ಎಂಬ ಬಾಹ್ಯಾಕಾಶ ನೌಕೆಯನ್ನು ಮೇಲೆತ್ತುವುದನ್ನು ನೋಡಿ. ಒಂದು ಟನ್ ವಸ್ತುವನ್ನು ಎತ್ತಿ ಹಿಡಿಯಲು ಸುಮಾರು 9,800 ನ್ಯೂಟನ್ ಬಲ ಬೇಕು. ನ್ಯೂಟನ್‌ನ ಮೂರನೇ ನಿಯಮದಂತೆ ಪ್ರತಿಕ್ರಿಯೆ ಅವನ ಮೈಮೇಲೆ ಬಿದ್ದಿದ್ದರೆ ಆ ಮೆತ್ತನೆಯ ನೆಲದಲ್ಲಿ ಹೂತುಹೋಗಬೇಕಿತ್ತು. ಅವನ ಪಾದ ಅಲುಗುವುದೂ ಇಲ್ಲ. ಆದರೆ 2005ರ ಸ್ಟಾರ್ ವಾರ್ಸ್ ಚಿತ್ರದಲ್ಲಿ ಇಂಥದ್ದೇ ಶಕ್ತಿಯುಳ್ಳ ಓಬಿ-ವಾನ್ ಮತ್ತು ಅನಾಕಿನ್ ಅಂಗೈಗಳನ್ನು ಚಾಚಿ ಪರಸ್ಪರ ತಳ್ಳುತ್ತಾರೆ. ಕ್ಷಣಕಾಲ ಯಾರೂ ಜಗ್ಗುವುದಿಲ್ಲ, ಆಮೇಲೆ ಇಬ್ಬರೂ ಹಿಂದಕ್ಕೆ ಎಸೆಯಲ್ಪಡುತ್ತಾರೆ. ನಿರ್ಜೀವ ವಸ್ತುವಿನಿಂದ ಎತ್ತಿದವರಿಗೆ ಪ್ರತಿಕ್ರಿಯೆ ಇಲ್ಲ, ಇನ್ನೊಬ್ಬ ಶಕ್ತಿಶಾಲಿಯಿಂದ ಇದೆ. ಈ ಎರಡು ದೃಶ್ಯಗಳಿಂದಲೇ ಹೊಸ ನಿಯಮ ಹುಟ್ಟಿತು: ಎದುರಾಳಿಗೂ ಅಂಥದ್ದೇ ಶಕ್ತಿಯಿದ್ದರೆ ಅವರ ದೇಹದೊಳಕ್ಕೆ ನೇರವಾಗಿ ಕೈಹಾಕಲು ಬಿಡುವುದಿಲ್ಲ.

ಇಲ್ಲಿ ಗೆಳೆಯನೊಬ್ಬ ಒಳ್ಳೆಯ ಪಟ್ಟು ಹಾಕಿದ. “ದೇಹ ಬಿಡು. ವೇಡರ್‌ನ ಎದೆಯ ಮೇಲಿರುವ ಉಸಿರಾಟದ ಯಂತ್ರವನ್ನು ಆ ಕೋಕ್ ಡಬ್ಬಿಯಂತೆ ಹಿಸುಕಿದರೆ?” ಎಂದ. ಇದು ತೂಕದ ವಾದ. ಅದರ ಮೇಲಿನ ಗುಂಡಿಗಳು ಏನು ಮಾಡುತ್ತವೆಂದು ಇಲೆವೆನ್‌ಗೆ ತಿಳಿದಿರಬೇಕಾಗಿಲ್ಲ, ಮುರಿದರೆ ಸಾಕು. 1983ರ ಚಿತ್ರದಲ್ಲಿ ಚಕ್ರವರ್ತಿಯ ಮಿಂಚು ತಾಗಿದ ಮೇಲೆ ವೇಡರ್‌ನ ಉಸಿರಾಟದ ಸದ್ದೇ ಕೆಟ್ಟುಹೋಗುತ್ತದೆ. ಅಂದರೆ ಮನೋಬಲ ಎಷ್ಟಿದ್ದರೂ ಕವಚ ತಾನಾಗಿಯೇ ರಕ್ಷಣೆ ಪಡೆಯುವುದಿಲ್ಲ. ಹಾಗಾಗಿ ‘ಉಡುಪು ಮತ್ತು ಸಲಕರಣೆ’ ಎಂಬ ಅಂಕಣ ಸೇರಿಸಿದೆ.

ಸದ್ಯದ ತೀರ್ಪು: ಮೊದಲ ಹೊಡೆತ ಇಲೆವೆನ್‌ಳದಾಗಿ, ಅದು ಎದೆಯ ಯಂತ್ರಕ್ಕೇ ಬಿದ್ದರೆ ಗೆಲುವು ಅವಳದು. ಕಾದಾಟ ಎಳೆದಷ್ಟೂ ಅವಳು ಬಳಲುತ್ತಾಳೆ, ವೇಡರ್‌ನ ಕೈ ಮೇಲಾಗುತ್ತದೆ.

ಮುಂದಿನ ಸರದಿ 1993ರಲ್ಲಿ ಕಾಮಿಕ್ಸ್‌ಗೆ ಬಂದ ಸೂಪರ್‌ಬಾಯ್ ಕಾನರ್ ಕೆಂಟ್‌ನದು. ಅವನ ಟೆಲಿಕಿನಿಸಿಸ್ ಮುಟ್ಟಿದರೆ ಮಾತ್ರ ಕೆಲಸ ಮಾಡುತ್ತದೆ. ಮುಟ್ಟಿದ ಯಂತ್ರವನ್ನು ಬಿಡಿಬಿಡಿಯಾಗಿ ಕಳಚಿಹಾಕಬಲ್ಲ. ದೂರದ ಅಂಕಣದಲ್ಲಿ ಅವನಿಗೆ ಸೊನ್ನೆ, ಸಲಕರಣೆಯ ಅಂಕಣದಲ್ಲಿ ಬಹುಶಃ ಎಲ್ಲರಿಗಿಂತ ಹೆಚ್ಚು.