ವೀಲ್ ಪ್ಯಾಂಟ್‌ಗೆ ಹೊಸ ಬಣ್ಣ

ನನ್ನ ಸೆಸ್ನಾ 172 ವಿಮಾನ 1978ರದು. ನಾಲ್ಕು ಸೀಟು, ಒಂದೇ ಎಂಜಿನ್. ಅಮೆರಿಕದ ಒಹಾಯೋದ ಒಂದು ಸಣ್ಣ ಏರ್‌ಪೋರ್ಟಿನ ಹ್ಯಾಂಗರ್‌ನಲ್ಲಿ ನಿಲ್ಲಿಸಿದ್ದೇನೆ. ಮೈಮೇಲಿನ ಬಣ್ಣ ಇನ್ನೂ ಪರವಾಗಿಲ್ಲ. ಆದರೆ ಹಿಂದಿನ ಎರಡು ಚಕ್ರಗಳ ಕವಚ, ಪೈಲಟ್‌ಗಳು ವೀಲ್ ಪ್ಯಾಂಟ್ ಅನ್ನುತ್ತಾರಲ್ಲ, ಅವು ನೋಡಲಾಗದಷ್ಟು ಕೆಟ್ಟಿದ್ದವು. ಟೈರು ಎರಚುವ ಕಲ್ಲು ಒಳಗಿನಿಂದ ಹೊಡೆಯುತ್ತದೆ. ಹುಲ್ಲಿನ ರನ್‌ವೇ ಹೊರಗಿನಿಂದ ಉಜ್ಜುತ್ತದೆ. ಸ್ಕ್ರೂ ತೂತುಗಳ ಸುತ್ತ ಅದುರಿ ಅದುರಿ ಬಿರುಕು ಬಿಟ್ಟಿತ್ತು. ಚಳಿಗಾಲ ಶುರುವಾದಾಗ ಎರಡನ್ನೂ ಬಿಚ್ಚಿ ಮನೆಯ ಗ್ಯಾರೇಜಿಗೆ ತಂದೆ.

ಈ ಕವಚಗಳಿಂದ ಹೆಚ್ಚುವ ವೇಗ ಸುಮಾರು ಎರಡು ನಾಟ್ ಅಂತ ವಿಮಾನದ ಕೈಪಿಡಿಯಲ್ಲೇ ಇದೆ. ಗಂಟೆಗೆ ನಾಲ್ಕು ಕಿಲೋಮೀಟರೂ ಆಗುವುದಿಲ್ಲ. "ಇಷ್ಟಕ್ಕೆ ಯಾಕಪ್ಪ ಇಷ್ಟು ಒದ್ದಾಟ?" ಅಂತ ದಾವಣಗೆರೆಯಿಂದ ಭಾವ ಕೇಳಿದರು. ಬಸ್ ಬಾಡಿಗಳಿಗೆ ಬಣ್ಣ ಹೊಡೆದು ಪಳಗಿದ ಕೈ ಅವರದು. ಅವರಿಗೆ ನಾನು ಹೇಳಿದ್ದು ಇಷ್ಟೇ. ವಿಮಾನದ ಹೆಚ್ಚಿನ ಕೆಲಸವನ್ನು ಲೈಸೆನ್ಸ್ ಇರುವ ಮೆಕ್ಯಾನಿಕ್ಕೇ ಮಾಡಬೇಕು. ಮಾಲೀಕನಾದ ಪೈಲಟ್ ತಾನೇ ಮಾಡಿ ತಾನೇ ಸಹಿ ಹಾಕಬಹುದಾದ ಕೆಲಸ ಸ್ವಲ್ಪವೇ. ಆ ಸ್ವಲ್ಪದಲ್ಲಿ ಇದೂ ಒಂದು. ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಇಲ್ಲಿನ ವಿಮಾನಯಾನ ಇಲಾಖೆಯಾದ ಎಫ್‌ಎಎ ನಿಯಮಗಳ 43ನೇ ಭಾಗದ ಕೊನೆಯಲ್ಲಿ ಆ ಪಟ್ಟಿ ಇದೆ. ಮೈ, ರೆಕ್ಕೆ, ಕವಚ, ಎಂಜಿನ್ ಮುಚ್ಚಳ, ಚಕ್ರದ ಕಾಲು ಇವುಗಳ ಬಣ್ಣವನ್ನು ಮಾಲೀಕ ಹೊಸದು ಮಾಡಬಹುದು. ಮುಖ್ಯ ಚೌಕಟ್ಟನ್ನಾಗಲಿ, ವಿಮಾನ ನಡೆಸುವ ಯಾವುದೇ ವ್ಯವಸ್ಥೆಯನ್ನಾಗಲಿ ಬಿಚ್ಚುವಂತಿಲ್ಲ, ಅಷ್ಟೆ. ಕವಚದ ಸಣ್ಣಪುಟ್ಟ ರಿಪೇರಿಗೂ ಅವಕಾಶ ಇದೆ. ಆದರೆ ಬಣ್ಣದ ಸಾಲಿನ ನಡುವೆ ಒಂದು ಅಪವಾದ ಇದೆ. ತೂಕ ಸರಿದೂಗಿಸಿದ ಕಂಟ್ರೋಲ್ ಭಾಗಗಳಿಗೆ ಮಾತ್ರ ಕೈ ಹಾಕುವ ಹಾಗಿಲ್ಲ. ಅಂದರೆ ವಿಮಾನವನ್ನು ವಾಲಿಸುವ ಏಲರಾನ್, ಮೂತಿ ಏರಿಳಿಸುವ ಎಲಿವೇಟರ್, ಎಡಬಲಕ್ಕೆ ತಿರುಗಿಸುವ ರಡರ್.

ಈ ಅಪವಾದ ಯಾಕೆ ಅಂತ ಪ್ರತಿ ಮಾಲೀಕನಿಗೂ ಗೊತ್ತಿರಬೇಕು. ಈ ಭಾಗಗಳು ಕೀಲಿನ ಮೇಲೆ ತಕ್ಕಡಿಯ ಹಾಗೆ ಕೂತಿರುತ್ತವೆ. ಕೀಲಿನ ಹಿಂದಿನ ಭಾಗದ ಭಾರಕ್ಕೆ ಸಮನಾಗಿ ಮುಂದೆ ಸೀಸದಂಥ ತೂಕ ಇಟ್ಟಿರುತ್ತಾರೆ. ಬಣ್ಣ ಹೊಡೆದಾಗ ಅದರ ಹೆಚ್ಚಿನ ಪಾಲು ಕೂರುವುದು ಹಿಂದಿನ ಭಾಗದ ಮೇಲೆ. ಹಳೆಯ ಬಣ್ಣ ತೆಗೆಯದೆ ಮೇಲೊಂದು ಕೋಟ್ ಎಳೆದರೆ ಲೆಕ್ಕವೇ ಬದಲಾಗುತ್ತದೆ. ವೇಗದಲ್ಲಿ ಆ ಭಾಗ ತಾನಾಗಿಯೇ ಪಟಪಟ ಬಡಿದುಕೊಳ್ಳಲು ಶುರುವಾಗಬಹುದು. ಇದನ್ನು ಫ್ಲಟರ್ ಅನ್ನುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಆ ಭಾಗವೇ ಕಿತ್ತು ಹೋಗಬಹುದು. ಆದ್ದರಿಂದ ಅವುಗಳಿಗೆ ಬಣ್ಣ ಹೊಡೆದ ಮೇಲೆ ತೂಕ ನೋಡಿ ಮತ್ತೆ ಸರಿದೂಗಿಸಲೇಬೇಕು. ಅದು ಮೆಕ್ಯಾನಿಕ್ ಕೆಲಸ.

ಬಣ್ಣ ಹೊಡೆಯಬಾರದ ಜಾಗ ಇನ್ನೂ ಇವೆ. ನೀರು ಹರಿದುಹೋಗುವ ಸಣ್ಣ ತೂತುಗಳು, ಆಂಟೆನಾಗಳು, ಎತ್ತರ, ವೇಗ ತಿಳಿಯಲು ಗಾಳಿಯ ಒತ್ತಡ ಅಳೆಯುವ ಸ್ಟ್ಯಾಟಿಕ್ ಪೋರ್ಟ್ ಎಂಬ ತೂತು. 1996ರ ಅಕ್ಟೋಬರ್ 2ರಂದು ಪೆರುವಿನಲ್ಲಿ ಏರೋಪೆರು 603 ವಿಮಾನ ಸಮುದ್ರಕ್ಕೆ ಬಿತ್ತು. ತೊಳೆಯುವಾಗ ಸ್ಟ್ಯಾಟಿಕ್ ಪೋರ್ಟ್‌ಗಳ ಮೇಲೆ ಅಂಟಿಸಿದ್ದ ಟೇಪನ್ನು ಯಾರೂ ತೆಗೆದಿರಲಿಲ್ಲ. ಕತ್ತಲಲ್ಲಿ ಪೈಲಟ್‌ಗಳಿಗೆ ಎತ್ತರವೂ ಸರಿಯಾಗಿ ಗೊತ್ತಾಗಲಿಲ್ಲ, ವೇಗವೂ ಗೊತ್ತಾಗಲಿಲ್ಲ. ಎಪ್ಪತ್ತು ಜನ ಸತ್ತರು. ನನ್ನ ಕೆಲಸದಲ್ಲಿ ಭಾಗಗಳು ಗ್ಯಾರೇಜಿನಲ್ಲಿದ್ದವು, ವಿಮಾನದ ಹತ್ತಿರ ಟೇಪೇ ಹೋಗಲಿಲ್ಲ. ಬಿಚ್ಚಿ ತಂದು ಮಾಡುವುದೇ ಒಳ್ಳೆಯದು ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನು ಕೆಲಸದ ವಿಷಯ. ಈ ಕವಚಗಳು ಫೈಬರ್‌ಗ್ಲಾಸ್, ಅಂದರೆ ರಾಳದಲ್ಲಿ ಕೂರಿಸಿದ ಗಾಜಿನ ನೇಯ್ಗೆ. ಹಳೆಯ ಬಣ್ಣ ಬೇಗ ಬಿಡಲಿ ಅಂತ ಅದರ ಮೇಲೆ ಪೇಂಟ್ ಸ್ಟ್ರಿಪ್ಪರ್ ಸುರಿಯಬೇಡಿ. ಲೋಹಕ್ಕೆ ನಡೆಯುವ ಸ್ಟ್ರಿಪ್ಪರ್ ಇಲ್ಲಿ ರಾಳವನ್ನೇ ಮೆತ್ತಗೆ ಮಾಡಿಬಿಡುತ್ತದೆ. ಕೈಯಲ್ಲೇ ಸ್ಯಾಂಡ್‌ಪೇಪರ್ ಹೊಡೆಯಬೇಕು. ನೀರು ಹಾಕಿಕೊಂಡು ಉಜ್ಜಿದರೆ ಧೂಳು ಏಳುವುದಿಲ್ಲ. ಗಾಜಿನ ನೇಯ್ಗೆ ಕಾಣಿಸುವ ಮೊದಲೇ ನಿಲ್ಲಿಸಬೇಕು. ಇದಕ್ಕೆ ಅವಸರ ಮಾಡುವ ಹಾಗೇ ಇಲ್ಲ.

ಬಿರುಕಿನ ಬಗ್ಗೆ ಭಾವನಿಗೂ ನನಗೂ ವಿಡಿಯೋ ಕಾಲ್‌ನಲ್ಲೇ ಚರ್ಚೆ ಆಯಿತು. "ಪುಟ್ಟಿ ತುಂಬಿ ಪೇಪರ್ ಹೊಡಿ, ಗೊತ್ತೇ ಆಗಲ್ಲ" ಅಂದರು ಅವರು. "ಭಾವ, ಇದು ಹಾರುವಾಗ ಪೂರ್ತಿ ಹೊತ್ತು ಅದುರುತ್ತಾ ಇರುತ್ತೆ, ಪುಟ್ಟಿ ಉದುರಿಬಿಡುತ್ತೆ" ಅಂದೆ. ಬಿರುಕಿನ ತುದಿಯಲ್ಲಿ ಸಣ್ಣ ಡ್ರಿಲ್ಲಿನಿಂದ ಒಂದು ತೂತು ಮಾಡಿದರೆ ಅದು ಮುಂದಕ್ಕೆ ಓಡುವುದು ನಿಲ್ಲುತ್ತದೆ. ಆಮೇಲೆ ಒಳಬದಿಯನ್ನು ಒರಟಾಗಿ ಉಜ್ಜಿ, ಗಾಜಿನ ಬಟ್ಟೆಯನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಲ್ಲಿ ನೆನೆಸಿ ಎರಡು ಪದರ ಕೂರಿಸಿದೆ. ಹೊರಗಡೆ ಉಳಿದ ಗೆರೆಗೆ ಮಾತ್ರ ಪುಟ್ಟಿ. ಅಲ್ಲಿಂದ ಮುಂದೆ ಭಾವನ ಮಾತೇ ನಡೆಯಿತು. ದೀಪವನ್ನು ಓರೆಯಾಗಿ ಹಿಡಿದು ನೋಡುವುದು, ಅಂಗೈ ಸವರಿ ಉಬ್ಬುತಗ್ಗು ಹುಡುಕುವುದು ಅವರೇ ಹೇಳಿಕೊಟ್ಟಿದ್ದು. ಪ್ರೈಮರ್ ಬಿದ್ದ ಮೇಲೆ ಸೂಜಿಮೊನೆಯಂಥ ತೂತುಗಳು ಎದ್ದು ಕಾಣುತ್ತವೆ. ಅವನ್ನು ತುಂಬಿ ಮತ್ತೆ ಉಜ್ಜಬೇಕು.

ಬಿಳಿ ಬಣ್ಣ ಹೊಂದಿಸುವುದು ಸುಲಭ ಅಂತ ಅನ್ನಿಸುತ್ತದೆ, ಅಲ್ವಾ? ನಾಲ್ಕು ದಶಕ ಬಿಸಿಲು ತಿಂದ ಬಿಳಿ ಬಿಳಿಯಾಗಿ ಉಳಿದಿರುವುದಿಲ್ಲ. ರೆಕ್ಕೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ವ್ಯತ್ಯಾಸ ಇರುತ್ತದೆ. ಕವಚ ಕೂರುವುದು ಚಕ್ರದ ಕಾಲಿನ ಪಕ್ಕದಲ್ಲಿ. ಹಾಗಾಗಿ ಕಾಲಿಗೆ ಹೊಂದುವ ಬಣ್ಣವನ್ನೇ ಆರಿಸಿದೆ. ಅದಕ್ಕೂ ಮೊದಲು ಅಲ್ಲಿ ಒಂದಿಷ್ಟು ಜಾಗವನ್ನು ಪಾಲಿಶ್ ಮಾಡಿ ಮಂಕು ಪದರ ತೆಗೆದೆ.

ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಬಣ್ಣವೇ ಗಟ್ಟಿ. ಆದರೆ ಬಣ್ಣವನ್ನು ಗಟ್ಟಿ ಮಾಡುವ ಡಬ್ಬಿಯಲ್ಲಿ, ಅಂದರೆ ಹಾರ್ಡ್‌ನರ್‌ನಲ್ಲಿ, ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ದೇಹ ಒಮ್ಮೆ ಅದಕ್ಕೆ ತಿರುಗಿಬಿದ್ದರೆ, ಆಮೇಲೆ ಚೂರೇ ಚೂರು ಮೂಗಿಗೆ ಬಂದರೂ ಉಬ್ಬಸ ಎದ್ದುಬಿಡಬಹುದು. ಅದಕ್ಕೇ ಹೊರಗಿನ ಶುದ್ಧ ಗಾಳಿಯನ್ನು ಪಂಪಿನಿಂದ ಕೊಡುವ ಮುಖವಾಡ ಹಾಕಿಕೊಂಡೆ, ಮೈತುಂಬಾ ಸೂಟ್ ಧರಿಸಿದೆ. ಈ ಖರ್ಚು ಜಾಸ್ತಿ ಅನ್ನಿಸಿದರೆ ಸ್ಪ್ರೇ ಮಾಡಲು ಹೋಗಬೇಡಿ. ಒಹಾಯೋದ ಚಳಿಯಲ್ಲಿ ಬಣ್ಣ ಸರಿಯಾಗಿ ಗಟ್ಟಿಯಾಗುವುದಿಲ್ಲ. ಚಳಿಗಾಲವಿಡೀ ಉಜ್ಜಿ, ಮೇ ತಿಂಗಳಲ್ಲಿ ಸ್ಪ್ರೇ ಮಾಡಿದೆ.

ಬಣ್ಣ ಅಂದರೆ ಬರೀ ಅಲಂಕಾರ ಅಂದುಕೊಳ್ಳುವವರಿಗೆ ನಾನು ಪುಷ್ಪಕ್ ವಿಷಯ ಹೇಳುತ್ತೇನೆ. ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಹಾರಿಸಿದ ಎರಡು ಸೀಟಿನ ವಿಮಾನ ಅದು. ಅದಕ್ಕೆ ಹೊದಿಸಿದ್ದು ಬಟ್ಟೆ. ಅಂಥ ವಿಮಾನಗಳಲ್ಲಿ ಬಟ್ಟೆಯನ್ನು ಬಿಗಿದು, ಗಾಳಿ ನೀರು ನುಗ್ಗದ ಹಾಗೆ ಹಿಡಿದಿಡುವುದೇ ಮೇಲೆ ಬಳಿಯುವ ಡೋಪ್.

ಕವಚ ವಾಪಸ್ ಕೂರಿಸಿದಾಗ ಟೈರಿಗೂ ಮಣ್ಣು ಕೆರೆಯುವ ಪಟ್ಟಿಗೂ ನಡುವಿನ ಅಂತರವನ್ನು ಸರ್ವಿಸ್ ಮ್ಯಾನ್ಯುಅಲ್ ನೋಡಿ ಹೊಂದಿಸಿದೆ. ಹಳೆಯ ತುಕ್ಕು ಸ್ಕ್ರೂ ಬಿಸಾಕಿ ಸ್ಟೇನ್‌ಲೆಸ್ ಹಾಕಿದೆ, ಪ್ರತಿಯೊಂದರ ಕೆಳಗೂ ನೈಲಾನ್ ವಾಷರ್. ಆಮೇಲೆ ಲಾಗ್‌ಬುಕ್. ಮಾಡಿದ ಕೆಲಸದ ವಿವರ, ಮುಗಿಸಿದ ದಿನಾಂಕ, ಸಹಿ, ಪೈಲಟ್ ಸರ್ಟಿಫಿಕೇಟಿನ ನಂಬರ್ ಮತ್ತು ಅದರ ದರ್ಜೆ. ಎಷ್ಟೋ ಮಾಲೀಕರು ಇದೊಂದನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ಬರೆಯಿರಿ.

ಇನ್ನು ರೆಕ್ಕೆಯ ಆಸರೆ ಕಂಬದ ತುದಿಯಲ್ಲಿರುವ ಕವಚಗಳು ಬಾಕಿ ಇವೆ. ಅವು ಎಬಿಎಸ್ ಪ್ಲಾಸ್ಟಿಕ್. ಅಸಿಟೋನ್ ತಗುಲಿದರೆ ಕರಗುತ್ತವೆ. ಅದೇ ಗುಣ ಬಳಸಿಕೊಂಡು, ಎಬಿಎಸ್ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಅಂಟಿನ ಹಾಗೆ ಮಾಡಿ ಅವುಗಳ ಬಿರುಕು ಮುಚ್ಚಬೇಕು. ಮುಂದಿನ ಚಳಿಗಾಲಕ್ಕೆ ಅವೇ.