96 ಹಾಳೆಗಳಲ್ಲಿ ಅಂಕಲ್ ಜಾಷ್: ನಾಲ್ಕನೆಯ ವಾರ

ಹಳೆಯ ಸಿನಿಮಾವೊಂದರ ಚಿತ್ರಗಳಿಂದ ಫ್ಲಿಪ್ ಬುಕ್ ಮಾಡುತ್ತಿದ್ದೇನೆ: ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರನೆ ಬಿಟ್ಟರೆ ಚಿತ್ರ ಚಲಿಸುವಂತೆ ಕಾಣುವ ಪುಟ್ಟ ಪುಸ್ತಕ. ನಿನ್ನೆ ರಾತ್ರಿ ನನ್ನ ಹೆಬ್ಬೆರಳ ಕೆಳಗೆ ಸಿನಿಮಾದ ನಾಯಕ ಅಂಕಲ್ ಜಾಷ್ ಮೊದಲ ಬಾರಿಗೆ ಎಲ್ಲಿಯೂ ತಡವರಿಸದೆ ಓಡಿದ. ಆರೇ ಸೆಕೆಂಡು. ಅಷ್ಟಕ್ಕೆ ನಾಲ್ಕು ವಾರ ಹಿಡಿಯಿತು.

‘ಅಂಕಲ್ ಜಾಷ್ ಅಟ್ ದ ಮೂವಿಂಗ್ ಪಿಕ್ಚರ್ ಷೋ’ ಎಂಬ ಎರಡು ನಿಮಿಷದ ಹಾಸ್ಯಚಿತ್ರವನ್ನು ಎಡಿಸನ್ ಕಂಪನಿಗಾಗಿ ಎಡ್ವಿನ್ ಎಸ್. ಪೋರ್ಟರ್ 1902ರಲ್ಲಿ ತೆಗೆದ. ಪೇಟೆಯ ನಾಟಕಶಾಲೆಗೆ ಬಂದ ಹಳ್ಳಿಗ, ಪರದೆಯ ಮೇಲಿನ ನರ್ತಕಿಯನ್ನು ಕಂಡು ರಂಗಕ್ಕೆ ಹಾರಿ ತಾನೂ ಕುಣಿಯುತ್ತಾನೆ. ‘ಬ್ಲ್ಯಾಕ್ ಡೈಮಂಡ್ ಎಕ್ಸ್‌ಪ್ರೆಸ್’ ರೈಲು ಬಂದಾಗ ಓಟ ಕೀಳುತ್ತಾನೆ. ಕೊನೆಗೆ ಪ್ರೇಮಿಯ ಜೊತೆಗಿರುವ ಹುಡುಗಿ ತನ್ನ ಮಗಳೇ ಎಂದು ತಿಳಿದು ಪರದೆಯನ್ನೇ ಕಿತ್ತುಹಾಕುತ್ತಾನೆ. ಹಿಂದೆ ಯಂತ್ರ ತಿರುಗಿಸುತ್ತಿದ್ದವನು ಸಿಕ್ಕಿಬಿದ್ದು ಇಬ್ಬರೂ ಹೊರಳಾಡುತ್ತಾರೆ. ಇದಕ್ಕೆ ಒಂದು ವರ್ಷ ಮೊದಲು ಇಂಗ್ಲೆಂಡಿನಲ್ಲಿ ರಾಬರ್ಟ್ ಪಾಲ್ ಇದೇ ಕಥೆಯನ್ನು ಮಾಡಿದ್ದ. ಅದರ ತುಣುಕಷ್ಟೇ ಉಳಿದಿದೆ.

ಫ್ಲಿಪ್ ಬುಕ್ಕೇ ಏಕೆ? ಜಾಷ್ ಉಳಿದಿದ್ದೇ ಕಾಗದದ ಮೇಲೆ. 1912ರವರೆಗೆ ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನಲ್ಲಿ ಚಲನಚಿತ್ರಕ್ಕೆ ಪ್ರತ್ಯೇಕ ಜಾಗವಿರಲಿಲ್ಲ. ಆದ್ದರಿಂದ ಕಂಪನಿಗಳು ಫಿಲ್ಮಿನ ಒಂದೊಂದು ಚೌಕಟ್ಟನ್ನೂ (ಫ್ರೇಮ್) ಉದ್ದನೆಯ ಕಾಗದದ ಸುರುಳಿಯ ಮೇಲೆ ಅಚ್ಚು ಹಾಕಿ, ಛಾಯಾಚಿತ್ರಗಳೆಂದು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ನೋಂದಾಯಿಸುತ್ತಿದ್ದವು. ಎಷ್ಟೋ ಫಿಲ್ಮುಗಳು ಸುಟ್ಟುಹೋದವು, ಕೊಳೆತುಹೋದವು; ಸುರುಳಿಗಳು ಉಳಿದುಕೊಂಡವು. 1950ರ ದಶಕದಲ್ಲಿ ಹಳೆಯ ಚಿತ್ರಗಳ ಪುನರುದ್ಧಾರಕ ಕೆಂಪ್ ನೈವರ್ ಅವನ್ನು ಮತ್ತೆ ಫಿಲ್ಮಿಗೆ ಇಳಿಸಿದರು. ಆ ಶ್ರಮವನ್ನು ನೆನೆದರೆ ನನಗೆ ಈಗಲೂ ಕೈಮುಗಿಯಬೇಕು ಅನ್ನಿಸುತ್ತದೆ.

ಸೆಕೆಂಡಿಗೆ 16 ಚೌಕಟ್ಟು ಎಂದುಕೊಂಡೆ: ರೈಲಿನ ಭಾಗಕ್ಕೆ 96 ಹಾಳೆ. ಎ4 ಆರ್ಟ್ ಕಾರ್ಡಿನಲ್ಲಿ ಹತ್ತು ಚಿತ್ರ ಕೂರುತ್ತವೆ. ಮೊದಲು 300 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ದಪ್ಪ ಕಾಗದ ತಂದೆ. ಪುಸ್ತಕ ಇಟ್ಟಿಗೆಯಾಯಿತು, ಬಾಗಲೇ ಇಲ್ಲ. 170ಕ್ಕೆ ಇಳಿದ ಮೇಲೆ ಬಾಗಿತು, ಆದರೆ ಮೂರು ನಾಲ್ಕು ಹಾಳೆಗಳು ಒಟ್ಟಿಗೇ ಜಾರುತ್ತಿದ್ದವು. ಪರಿಹಾರ ಅಂಚಿನಲ್ಲಿತ್ತು. ಕಟ್ಟನ್ನು ಬಿಗಿಯಾಗಿ ಹಿಡಿದು ಅಂಚನ್ನು ನಾಲ್ಕು ಮಿಲಿಮೀಟರ್ ಓರೆಯಾಗಿ ಕತ್ತರಿಸಿದರೆ ಪ್ರತಿ ಹಾಳೆಯೂ ಮೇಲಿನದಕ್ಕಿಂತ ಕೂದಲೆಳೆಯಷ್ಟು ಉದ್ದವಾಗುತ್ತದೆ, ಬೆರಳಿಗೆ ಒಂದೊಂದಾಗಿ ಸಿಗುತ್ತದೆ. ಬೈಂಡಿಂಗ್ ಅಂಗಡಿಯ ಯಜಮಾನರಿಗೆ ಇದನ್ನು ವಿವರಿಸಿದಾಗ ಅವರೇ ಯಂತ್ರದ ಕೆಳಗೆ ಮರದ ಪಟ್ಟಿಯೊಂದನ್ನು ಓರೆಗೆ ಇಟ್ಟು ಕತ್ತರಿಸಿಕೊಟ್ಟರು.

ಚೌಕಟ್ಟುಗಳನ್ನು ಬಿಡಿಬಿಡಿಯಾಗಿ ನೋಡುವಾಗ ಜಾಷ್ ಪಾತ್ರದ ಚಾರ್ಲ್ಸ್ ಮ್ಯಾನ್ಲಿ ಎಂಥ ನಟ ಎಂಬುದು ಅರ್ಥವಾಯಿತು. ಪರದೆಯ ಜಾಗವನ್ನು ಮರೆಮಾಡಿ ಚಿತ್ರೀಕರಿಸಿ, ರೈಲನ್ನು ಆಮೇಲೆ ಅಲ್ಲಿ ಕೂರಿಸಿದ್ದಾರೆ. ಹಾಗಾಗಿ ಆತ ಹೆದರಿ ಓಡಿದ್ದು ಕಣ್ಣಿಗೆ ಕಾಣದ ರೈಲಿಗೆ. ಹಳ್ಳಿಮುಕ್ಕನ ಪೆದ್ದುತನವೆಂದು ನಾವು ನಗುವುದರ ಹಿಂದೆ ಇಷ್ಟು ಕರಾರುವಾಕ್ಕಾದ ಲೆಕ್ಕವಿದೆ. ಆ ನಗುವೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನ್ಯೂಯಾರ್ಕಿನ ನಾಟಕಶಾಲೆಯಲ್ಲಿ ಎಡಿಸನ್‌ನ ವೈಟಸ್ಕೋಪ್ ಎಂಬ ಚಿತ್ರ ತೋರಿಸುವ ಯಂತ್ರ ಮೊದಲು ಬೆಳಗಿದ್ದು 1896ರ ಏಪ್ರಿಲ್‌ನಲ್ಲಿ. ಜಾಷ್‌ನನ್ನು ನೋಡಿ ನಕ್ಕ ಪೇಟೆಯವರು ಅವನಿಗಿಂತ ಆರೇ ವರ್ಷ ಮುಂದಿದ್ದರು. ನರ್ತಕಿ ಕಂಡೊಡನೆ ಜೊತೆಗೆ ಕುಣಿಯಲು ಎದ್ದ ಮನುಷ್ಯ ನನಗೆ ತುಂಬ ಹತ್ತಿರದವನು.

ಪುಸ್ತಕವನ್ನು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಎಡಚಿ; ಹಿಂದಿನಿಂದ ಮುಂದಕ್ಕೆ ಬಿಟ್ಟಾಗ ರೈಲು ಹಿಮ್ಮುಖವಾಗಿ ಹೋಯಿತು, ಜಾಷ್ ಧೈರ್ಯವಾಗಿ ಅದರ ಕಡೆಗೆ ಬಂದ. “ಈಗ ಸರಿಯಾಯಿತು ನೋಡು,” ಎಂದು ಮತ್ತೆ ಮತ್ತೆ ಬಿಟ್ಟರು. ಎಡಗೈಯವರಿಗೆ ಬಲಬದಿಯಲ್ಲಿ ಹೊಲಿದ ಪ್ರತಿಯೊಂದು ಬೇಕೇ ಬೇಕು. ಸೋಮವಾರ ಅದನ್ನೇ ಮೊದಲು ಕತ್ತರಿಸಲು ಕೊಡುತ್ತೇನೆ. ಪರದೆ ಕಿತ್ತುಬೀಳುವ ಭಾಗ ಅದರ ನಂತರ.