0.70ಕ್ಕೂ 0.72ಕ್ಕೂ ನಡುವೆ ಸಿಕ್ಕಿಬಿದ್ದ ದಾಸರ ಪದಗಳು

ಮೂರು ವಾರ ತಲೆ ತಿಂದ ತೊಂದರೆ ನಿನ್ನೆ ರಾತ್ರಿ ಬಗೆಹರಿಯಿತು. ಮರೆಯುವ ಮೊದಲು ಬರೆದಿಡುತ್ತೇನೆ.

ರಾಯಚೂರಿನ ನಮ್ಮ ಓಣಿಯ ಭಜನಾ ಮಂಡಳಿಯ ಹಳೆ ಕ್ಯಾಸೆಟ್‌ಗಳಿಂದ, ಮಂಡಳಿಯವರ ಫೋನಿಗೆ ದಿನಕ್ಕೆ ಹತ್ತು ಹಾಡು ಆರಿಸಿಕೊಡುವ ಕೆಲಸವಿದು. ಯಾವ ಹಾಡನ್ನು ಪೂರ್ತಿ ಕೇಳಬಹುದು ಎಂದು ಅಂದಾಜಿಸುವ ಪ್ರೋಗ್ರಾಂ, ಅಂದರೆ ಮಾಡೆಲ್, ಹಳೆಯದೇ, ಅದನ್ನು ಬಿಡಿ. ಗುರಿ ಎರಡು: ಕೇಳುವವರು ಹಾಡನ್ನು ಪೂರ್ತಿ ಕೇಳಬೇಕು, ಯಾರೂ ಹಚ್ಚದ ಹಾಡಿಗೂ ಸರದಿ ಬರಬೇಕು. ಎರಡನೆಯದರಲ್ಲಿ ನನ್ನ ಜೀವವೇ ಇದೆ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಇದೇ ಜಿಲ್ಲೆಯವರು. ಎಲ್ಲರಿಗೂ ಬಾಯಿಪಾಠವಾದ ಪುರಂದರದಾಸರ ಪದಗಳನ್ನೇ ದಿನಾ ಕೊಡುವುದಾದರೆ ಇಷ್ಟು ಕಷ್ಟ ಯಾಕೆ?

ಎರಡಕ್ಕೂ ತೂಕ ಹಾಕಿ ಕೂಡಿಸಿದ್ದೆ. ಪೂರ್ತಿ ಕೇಳುವ ಸಾಧ್ಯತೆಗೆ 0.72, ಒಂದರಲ್ಲಿ ಉಳಿದದ್ದನ್ನು ಹಾಡು ಅಪರೂಪದ್ದು ಎಂಬುದಕ್ಕೆ ಕೊಟ್ಟರೆ ಹತ್ತಕ್ಕೆ ಹತ್ತೂ ಗೊತ್ತಿರುವ ಹಾಡು. 0.70ಕ್ಕೆ ಇಳಿಸಿದರೆ ಹತ್ತೂ ಅಪರೂಪದವು. 0.71 ಇಟ್ಟರೆ ಇವತ್ತು ಆ ಕಡೆ, ನಾಳೆ ಈ ಕಡೆ. "ನಿನ್ನೆ ಎಲ್ಲಾ ಗೊತ್ತಿದ್ದವು, ಇವತ್ತ ಒಂದೂ ಗೊತ್ತಿಲ್ಲಲ್ಲೋ, ಏನ್ ಮಾಡೀಯೋ ಇದಕ್ಕ?" ಅಂದರು ಸೋದರತ್ತೆ.

ಯೂಟ್ಯೂಬಿನವರೂ 2019ರ ಪ್ರಬಂಧದಲ್ಲಿ ಇಂಥ ತೂಕಗಳನ್ನು ಕೈಯಿಂದಲೇ ಹೊಂದಿಸಿದ್ದಾಗಿ ಬರೆದಿದ್ದಾರೆ. ಹಾಗಾಗಿ ನಾನೂ ತಿರುವುತ್ತಲೇ ಕೂತೆ. ಕೊನೆಗೆ ಪರೇಟೊ ರೇಖೆ (ಒಂದು ಗುರಿಯನ್ನು ಇಷ್ಟು ಬಿಟ್ಟುಕೊಟ್ಟರೆ ಇನ್ನೊಂದು ಹೆಚ್ಚೆಂದರೆ ಎಷ್ಟು ಸಿಗುತ್ತದೆ ಎಂದು ತೋರಿಸುವ ಗೆರೆ) ಬಿಡಿಸಿ ನೋಡಿದರೆ ಅದು ಕೋಲಿನ ಹಾಗೆ ನೆಟ್ಟಗಿತ್ತು! ಅದು ಹೊರಗೆ ಬಾಗಿದ್ದರೆ ತಾನೇ ತೂಕ ಬದಲಿಸಿದಂತೆ ನಡುವಿನ ಒಂದೊಂದು ಬಿಂದು ಸಿಗುವುದು. ನೆಟ್ಟಗಿದ್ದರೆ ಈ ತುದಿಯಿಂದ ಆ ತುದಿಗೇ ಜಿಗಿತ. ಕಾರಣ ಹುಡುಕಿ ಮಾಡೆಲ್‌ನ ಪೂರ್ತಿ ಕೇಳುವ ಅಂದಾಜುಗಳನ್ನು ಸಾಲಾಗಿ ತೆಗೆದೆ. ಅಪರೂಪದ ಹಾಡುಗಳ ಮುಂದೆಲ್ಲ 0.42, 0.42, 0.42. ಯಾರೂ ಕೇಳಿಲ್ಲವಾದ್ದರಿಂದ ಎಲ್ಲಕ್ಕೂ ಒಂದೇ ಸರಾಸರಿ ಕೊಟ್ಟಿದೆ. ಕುರಿಹಿಂಡಿನಂತೆ ಒಂದು ದಾಟಿದರೆ ಎಲ್ಲವೂ ದಾಟುತ್ತವೆ.

ಆದ್ದರಿಂದ ಅಪರೂಪದ ಅಂಕವನ್ನು ಹಾಡಿಗೆ ಕೊಡದೆ ಪಟ್ಟಿಗೆ ಕೊಟ್ಟೆ. ಒಂದೊಂದಾಗಿ ಆರಿಸುವಾಗ ಮೊದಲ ಅಪರೂಪದ ಹಾಡಿಗೆ ಪೂರ್ತಿ ಅಂಕ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು. ಹುಡುಕಾಟದ ಫಲಿತಾಂಶಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಬಾರದಂತೆ ಸಂಶೋಧಕರಾದ ಕಾರ್ಬೊನೆಲ್, ಗೋಲ್ಡ್‌ಸ್ಟೀನ್ 1998ರಲ್ಲಿ ಹೇಳಿದ ದಾರಿಗೆ ಇದು ಹತ್ತಿರದ್ದು. ಈಗ ತೂಕ 0.7 ಇದ್ದರೆ ಒಂದು, 0.5ಕ್ಕೆ ಎರಡು, 0.3ಕ್ಕೆ ಮೂರು. ತಿರುವಿದಷ್ಟೇ ತಿರುಗುತ್ತದೆ! 0.5ಕ್ಕೆ ನಿಲ್ಲಿಸಿ, ಹೊಸದನ್ನು ಗೊತ್ತಿರುವ ಎರಡು ಹಾಡಿನ ನಂತರ ಇಟ್ಟೆ.

ಕ್ಯಾಸೆಟ್ ಡೆಕ್ಕಿನ ಬೆಲ್ಟ್ ಮಾತ್ರ ಇನ್ನೂ ಬಂದಿಲ್ಲ. ಆನ್‌ಲೈನಿನಲ್ಲಿ ಮಾರುವವನು ಎರಡು ಸಲ ಬೇರೆ ಅಳತೆಯದನ್ನು ಕಳಿಸಿದ. ಅಳತೆಯನ್ನು ಫೋಟೊ ಸಮೇತ ಕಳಿಸಿದ್ದೆ, ನೋಡಲೇ ಇಲ್ಲ. ಬಳ್ಳಾರಿ ಕಡೆಯ ದೊಡ್ಡಾಟದ ಕ್ಯಾಸೆಟ್‌ಗಳು ಒಂದು ಪೆಟ್ಟಿಗೆ ತುಂಬ ಕಾಯುತ್ತಿವೆ. ಇಡೀ ರಾತ್ರಿಯ ಆಟದಲ್ಲಿ ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಶುರು ಎಂದು ಯಂತ್ರಕ್ಕೆ ಕಲಿಸಬೇಕು. ಮುಂದಿನ ಕೆಲಸ ಅದೇ.

ಇವತ್ತು ಬೆಳಿಗ್ಗೆ ಮೂರನೆಯದಾಗಿ ಗೋಪಾಲದಾಸರ ಪದ ಬಂತು. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. "ಇದನ್ನ ಇನ್ನೊಮ್ಮೆ ಹಚ್ಚು" ಅಂದರು. ಸಂಜೆ ಮಾಡೆಲ್‌ಗೆ ಮತ್ತೆ ತರಬೇತಿ ಕೊಟ್ಟೆ. ಆ ಪದದ 0.42 ಈಗ 0.47.